ಇಪ್ಪತ್ತೆರಡನೇ ನಂಬರಿನ ಜಲತರಂಗ

ಕಳೆದ ವಾರ ಮಿಕ್ಸಿ ಕೈಕೊಟ್ಟಿತೆಂದು ಚಾಮರಾಜಪೇಟೆಯ ನಮ್ಮ ರಸ್ತೆಯ ಕೊನೆಯಲ್ಲಿರುವ ರಿಪೇರಿ ಅಂಗಡಿಗೆ ಹೋಗಿದ್ದೆ. ಅಂಗಡಿಯಾತ ಕಾದ ಸೋಲ್ಡರಿಂಗ್ ಕಡ್ಡಿಯನ್ನು ತಂತಿಗೆ ಮುಟ್ಟಿಸಿದರು. ಒಂದೆಳೆ ಹೊಗೆ ಎದ್ದಿತು. ಸುಟ್ಟ ರಾಳದ ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಹೋದ ವರ್ಷದ ಮಳೆಗಾಲ ನೆನಪಾಯಿತು. ಜೊತೆಗೆ ತಲೆನೋವೂ ಶುರುವಾಯಿತು. ಮಿಕ್ಸಿ ಸರಿಹೋಗುವ ತನಕ ಅಲ್ಲೇ ಸ್ಟೂಲಿನ ಮೇಲೆ ಕೂತು, ಆ ನಾಲ್ಕು ತಿಂಗಳು ನಾನು ಹೇಗೆ ಹುಚ್ಚು ಹಿಡಿಸಿಕೊಳ್ಳದೆ ಉಳಿದೆ ಎಂದು ಯೋಚಿಸಿದೆ.

ಹೋದ ವರ್ಷ ಜೂನ್ ಮೊದಲ ವಾರ ನಾಗೇಶ ಮಾಮನ ಮನೆಯ ತಾರಸಿ ಸೋರಿ, ಅಡುಗೆಮನೆಯ ಚಾವಣಿಯಿಂದ ಅಂಗೈ ಅಗಲದ ಗಾರೆ ಕಳಚಿ ಒಲೆಯ ಮೇಲೆ ಬಿತ್ತು. ಮಾಮ ನನ್ನ ಅಮ್ಮನ ಕೊನೆಯ ತಮ್ಮ. ಎಪ್ಪತ್ತನಾಲ್ಕು ವರ್ಷ, ಮದುವೆಯಾಗಿಲ್ಲ, ವೈಯಾಲಿಕಾವಲ್‌ನ ಆ ಎರಡು ಕೋಣೆಯ ಮನೆಯಲ್ಲೇ ಮೊದಲಿನಿಂದಲೂ ಇರುವವರು. ರಿಪೇರಿ ಮುಗಿಯುವವರೆಗೆ ನಮ್ಮ ಮನೆಗೆ ಬಂದುಬಿಡಿ ಎಂದು ನಾನೇ ಕರೆದೆ. ಹದಿನೈದು ದಿನ ಅಂದುಕೊಂಡಿದ್ದೆ. ಮಳೆ ನಿಲ್ಲದೆ ತಾರಸಿ ಮುಟ್ಟುವ ಹಾಗಿಲ್ಲ ಎಂದು ಮೇಸ್ತ್ರಿ ಹೇಳಿದಾಗ ಮಾಮ ಆಗಲೇ ನನ್ನ ಮುಂದಿನ ಕೋಣೆಯಲ್ಲಿ ಬೇರು ಬಿಟ್ಟಿದ್ದರು.

ನಾನು ಬಸವನಗುಡಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮನೆಯಲ್ಲಿ ನಾನೊಬ್ಬಳೇ. ಹಾಗಿರುವುದು ನನಗೆ ಹಿತ. ಐವತ್ತೈದು ಮಕ್ಕಳ ಗಲಾಟೆಯಿಂದ ಬಂದ ಮೇಲೆ ಬಾಗಿಲು ಹಾಕಿಕೊಂಡು, ಕಾಫಿ ಮಾಡಿಕೊಂಡು, ಯಾರ ದನಿಯೂ ಇಲ್ಲದ ಹಾಲಿನಲ್ಲಿ ಒಂದು ಗಂಟೆ ಸುಮ್ಮನೆ ಕೂರುವುದೇ ನನ್ನ ದಿನದ ಸುಖ. ಮಾಮ ಬಂದ ದಿನವೇ ಅದು ಮುಗಿಯಿತು.

ಅವರು ಬರುವಾಗ ಒಂದು ಸೂಟ್‌ಕೇಸು, ಒಂದು ಕೊಡೆ, ಮತ್ತು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಹೆಣದಷ್ಟು ಭಾರದ ಒಂದು ವಸ್ತುವನ್ನು ತಂದರು. ಆಟೋದವರೂ ನಾನೂ ಸೇರಿ ಅದನ್ನು ಒಳಗೆ ತಂದೆವು. ಜಪಾನಿನ ಡಿಜಿಟಲ್ ಸಿಂಥಸೈಸರ್, ಅಂದರೆ ಹಲವು ವಾದ್ಯಗಳ ನಾದ ಹೊರಡಿಸುವ ಕೀಬೋರ್ಡು. ಕಂದುಬಣ್ಣದ ಉದ್ದನೆಯ ಲೋಹದ ಮೈ, ಬೆರಳಿನಿಂದ ಒತ್ತುವ ಅರವತ್ತೊಂದು ಮನೆಗಳು, ಮೇಲೆ ಹಸಿರು ಪಟ್ಟಿಯ ಚಪ್ಪಟೆ ಗುಂಡಿಗಳ ಎರಡು ಸಾಲು. ಎಂಬತ್ತರ ದಶಕದಲ್ಲಿ ಇದು ಹೊಸದಾಗಿ ಬಂದಾಗ ಬೆಂಗಳೂರಿನ ರೆಕಾರ್ಡಿಂಗ್ ಸ್ಟುಡಿಯೊಗಳಲ್ಲಿ ಇದನ್ನು ನುಡಿಸಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಮಾಮ ಒಬ್ಬರು. ದಿನಕ್ಕೆ ಮೂರು ರೆಕಾರ್ಡಿಂಗ್ ಮಾಡುತ್ತಿದ್ದರಂತೆ. ಬೆಳಗ್ಗೆ ದೇವರನಾಮ, ಮಧ್ಯಾಹ್ನ ಭಾವಗೀತೆ, ಸಂಜೆ ಸೋಪಿನ ಜಾಹೀರಾತು.

ಈ ವಾದ್ಯದೊಳಗೆ ಮೂವತ್ತೆರಡು ನಾದಗಳು ನಂಬರು ಹಾಕಿಕೊಂಡು ಕೂತಿವೆ. ಹನ್ನೊಂದು ಎಂದರೆ ಗಾಜಿನಂತೆ ಕಿಣಿಗುಟ್ಟುವ ಎಲೆಕ್ಟ್ರಿಕ್ ಪಿಯಾನೊ. ಇಪ್ಪತ್ತನಾಲ್ಕು ಕೊಳಲು. ಇಪ್ಪತ್ತಾರು ಗಂಟೆ. ಜಗತ್ತಿನಲ್ಲಿ ಆಗ ಈ ವಾದ್ಯವಿದ್ದ ಸ್ಟುಡಿಯೊಗಳಲ್ಲೆಲ್ಲ ಅವೇ ಮೂವತ್ತೆರಡು ನಾದಗಳು. ಅವು ಎಲ್ಲಿ ಯಾವ ಹಾಡಿನಲ್ಲಿವೆ ಎಂದು ಪತ್ತೆ ಹಚ್ಚುವುದೇ ಮಾಮನ ಉಳಿದ ಜೀವನದ ಕೆಲಸ ಎಂಬುದು ನನಗೆ ಮೊದಲ ವಾರದಲ್ಲೇ ಗೊತ್ತಾಯಿತು.

ಬೆಳಗ್ಗೆ ಐದೂವರೆಗೆ ಬೀದಿಯ ದೇವಸ್ಥಾನದ ಸ್ಪೀಕರಿನಲ್ಲಿ ಸುಪ್ರಭಾತ ಶುರುವಾಗುತ್ತಿತ್ತು. ನಾನು ಇಷ್ಟು ವರ್ಷ ಅದರ ನಡುವೆಯೇ ನಿದ್ದೆ ಮಾಡುವುದನ್ನು ಕಲಿತಿದ್ದೆ. ಈಗ ಬಾಗಿಲ ಆಚೆಯಿಂದ ಕೂಗು.

"ಸುಮಾ! ಎದ್ದಿದೀಯೇನೇ? ಕೇಳು, ಇಪ್ಪತ್ತಾರು!"

"ಮಾಮ, ಐದೂವರೆ ಗಂಟೆ."

"ಗಂಟೆ ಕಣೆ ಅದು! ನಿಜವಾದ ಗಂಟೆ ಅಂದ್ಕೊಂಡಿದೀಯಾ? ಇಪ್ಪತ್ತಾರನೇ ನಂಬರು. ನಾದದ ಬಾಲ ಕೇಳು, ಹೇಗೆ ನೆಟ್ಟಗೆ ಸಾಯತ್ತೆ. ದೇವಸ್ಥಾನದ ಗಂಟೆ ಹಾಗೆ ಸಾಯಲ್ಲ."

ಗಾಂಧಿ ಬಜಾರಿನಲ್ಲಿ ಹೂವು ತೆಗೆದುಕೊಳ್ಳುವಾಗ ಎದುರಿನ ಅಂಗಡಿಯಿಂದ ಹಳೆಯ ಭಾವಗೀತೆ ಬಂದರೆ, ಹೂವಿನಾಕೆ ಮೊಳ ಹಾಕುತ್ತಿದ್ದ ಕೈಯನ್ನೇ ಹಿಡಿದು ನಿಲ್ಲಿಸಿ, "ತಾಯಿ, ಆ ಕೊಳಲು ಕೇಳಿದ್ಯಾ? ಕೊಳಲಲ್ಲ ಅದು, ನಾನು" ಎನ್ನುವರು. ವಿಶ್ವೇಶ್ವರಪುರಂನ ತಿಂಡಿ ಬೀದಿಯಲ್ಲಿ ಬಿಸಿ ಹೋಳಿಗೆ ಕೈಯಲ್ಲಿ ಹಿಡಿದು ತುಪ್ಪ ತೊಟ್ಟಿಕ್ಕಿಸಿಕೊಳ್ಳುತ್ತ, ಪಕ್ಕದಲ್ಲಿ ನಿಂತ ಕಾಲೇಜು ಹುಡುಗಿಯ ಫೋನಿನಿಂದ ಬರುತ್ತಿದ್ದ ಇಂಗ್ಲಿಷ್ ಪ್ರೇಮಗೀತೆಗೆ, "ಹನ್ನೊಂದು! ಆ ಕಾಲದ ಇಂಗ್ಲಿಷ್ ಆಲ್ಬಮ್ಮಲ್ಲಿ ಅಳೋ ಹಾಡು ಅಂದ್ರೆ ಹನ್ನೊಂದೇ" ಎಂದು ವಿವರಿಸುವರು. ಆ ಹುಡುಗಿ ಪಾಪ, "ಹೌದಾ ಅಂಕಲ್" ಎಂದು ಮೂರು ಸಲ ಅಂದಳು. ನಾನು ಬೇರೆ ದಿಕ್ಕಿಗೆ ನೋಡುತ್ತ ನಿಂತಿದ್ದೆ.

ಸುಮ್ಮನಾಗಿಸಬೇಕೆಂದು ಒಂದು ಭಾನುವಾರ ಪರೀಕ್ಷೆ ಇಟ್ಟೆ. ಯಾವ ಆಲ್ಬಮ್ಮಿನಲ್ಲಿ ಈ ವಾದ್ಯದ ಯಾವ ನಾದ ಇದೆ ಎಂದು ಹುಡುಕಿ ಪಟ್ಟಿ ಮಾಡುವ ಜನ ದೇಶವಿದೇಶಗಳಲ್ಲಿ ಇದ್ದಾರೆ. ಅಂಥ ಒಂದು ಪಟ್ಟಿಯನ್ನು ಫೋನಿನಲ್ಲಿ ತೆರೆದಿಟ್ಟುಕೊಂಡು, ಮಾಮನಿಗೆ ತೋರಿಸದೆ, ಒಂಬತ್ತು ಹಾಡುಗಳ ತುಣುಕು ಹಾಕಿದೆ. ಎಂಟಕ್ಕೆ ಅವರು ಕಣ್ಣು ಮುಚ್ಚಿಕೊಂಡೇ ಸರಿಯಾದ ನಂಬರು ಹೇಳಿದರು. ಒಂಬತ್ತನೆಯದು ಹೊಂದಲಿಲ್ಲ. ನನಗೆ ಆದ ಖುಷಿಗೆ ನಾಚಿಕೆಪಟ್ಟುಕೊಳ್ಳಬೇಕು.

"ತಪ್ಪು ಮಾಮ. ಇದರಲ್ಲಿ ಬೇರೆ ಇದೆ."

"ಪಟ್ಟಿ ತಪ್ಪು. ಬರೆದವನಿಗೆ ಕಿವಿ ಇಲ್ಲ. ಅವನಿಗೆ ಹೇಳು."

ಮರುವಾರ ಆ ಪಟ್ಟಿಯಲ್ಲಿ ಒಂಬತ್ತನೆಯದನ್ನು ಯಾರೋ ತಿದ್ದಿದ್ದರು. ಮಾಮ ಹೇಳಿದ ನಂಬರೇ ಇತ್ತು. ಅದನ್ನು ನಾನು ಅವರಿಗೆ ಹೇಳಲಿಲ್ಲ.

ಇಷ್ಟಾದರೆ ಬರೀ ಕಿರಿಕಿರಿ ಎಂದು ಮರೆತುಬಿಡಬಹುದಿತ್ತು. ಆದರೆ ಆಷಾಢದ ಕೊನೆಯ ಶನಿವಾರ ಶೈಲಜಾ ಬಂದಳು.

ಶೈಲಜಾ ನಮ್ಮ ಶಾಲೆಯಲ್ಲೇ ಕನ್ನಡ ಟೀಚರು. ಇಪ್ಪತ್ತೆರಡು ವರ್ಷದಿಂದ ಸ್ಟಾಫ್‌ ರೂಮಿನಲ್ಲಿ ಅವಳ ಕುರ್ಚಿ ನನ್ನ ಕುರ್ಚಿಯ ಪಕ್ಕದಲ್ಲಿದೆ. ಅವಳ ತಂದೆ ರಾಮಶೇಷಯ್ಯನವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು, ಆದರೆ ಊರಿಗೆ ಗೊತ್ತಿದ್ದದ್ದು ಜಲತರಂಗದಿಂದ. ಪಿಂಗಾಣಿ ಬಟ್ಟಲುಗಳಲ್ಲಿ ಹೆಚ್ಚು ಕಡಿಮೆ ನೀರು ತುಂಬಿ, ಅಂಚಿಗೆ ಬಿದಿರು ಕಡ್ಡಿಯಿಂದ ತಟ್ಟಿ ಸ್ವರ ಹೊರಡಿಸುವ ವಾದ್ಯ ಅದು. ಈಗ ನುಡಿಸುವವರು ಹುಡುಕಿದರೂ ಸಿಗುವುದಿಲ್ಲ. ಎಂಬತ್ತರ ದಶಕದಲ್ಲಿ ಬಂದ ದೇವರನಾಮಗಳ ಒಂದು ಕ್ಯಾಸೆಟ್ಟು ಅವರನ್ನು ಮನೆಮಾತು ಮಾಡಿತು. ಅದರ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಓದುವುದು ಬಿಟ್ಟು ಗುನುಗಲು ಶುರುಮಾಡುತ್ತೀರಿ. ಮೊದಲ ಹಾಡಿನ ಆರಂಭದಲ್ಲಿ ಜಲತರಂಗದ ಒಂದು ತುಣುಕು ಬರುತ್ತದಲ್ಲ, ಅರ್ಧ ನಿಮಿಷದ್ದು, ಅದನ್ನು ಕೇಳದೆ ಬೆಳೆದ ಮಗು ಈ ಬಡಾವಣೆಗಳಲ್ಲಿ ಇರಲಾರದು. ರಾಮಶೇಷಯ್ಯನವರು ತೀರಿಕೊಂಡು ಎಂಟು ವರ್ಷವಾಗಿತ್ತು. ಕ್ಯಾಸೆಟ್ಟಿಗೆ ನಲವತ್ತು ತುಂಬುವ ನೆಪದಲ್ಲಿ ಶೈಲಜಾ ಗಣೇಶನ ಹಬ್ಬದ ನಂತರ ಅಪ್ಪನ ನೆನಪಿನಲ್ಲಿ ಒಂದು ಸಣ್ಣ ಕಾರ್ಯಕ್ರಮ ಇಟ್ಟುಕೊಂಡಿದ್ದಳು. ನಿರೂಪಣೆ ನನ್ನದು. ಆಹ್ವಾನ ಪತ್ರಿಕೆಯ ಕರಡು ತೋರಿಸಲು ಬಂದಿದ್ದಳು.

ಕಾಫಿ ಕುಡಿಯುತ್ತ ಅವಳು ಫೋನಿನಲ್ಲಿ ಆ ತುಣುಕು ಹಾಕಿದಳು. ಇದರಿಂದಲೇ ಶುರು ಮಾಡೋಣ ಎಂದಳು. ಮುಂದಿನ ಕೋಣೆಯ ಬಾಗಿಲು ತೆರೆಯಿತು. ಮಾಮ ಪಂಚೆ ಸರಿಮಾಡಿಕೊಳ್ಳುತ್ತ ಬಂದು ನಿಂತರು. ನಾನು ಕಣ್ಣಲ್ಲೇ ಬೇಡ ಎಂದೆ. ಅವರು ನನ್ನ ಕಣ್ಣು ನೋಡುವವರಲ್ಲ.

"ಅದು ನಂದು" ಎಂದರು.

ಶೈಲಜಾ ನಕ್ಕಳು. ಮಾಮನ ಕತೆಗಳನ್ನೆಲ್ಲ ನಾನು ಸ್ಟಾಫ್‌ ರೂಮಿನಲ್ಲಿ ಹೇಳಿದ್ದೆ. "ಇದು ನಮ್ಮಪ್ಪ ನುಡಿಸಿರೋದು ಸಾರ್. ಜಲತರಂಗ."

"ನಿಮ್ಮಪ್ಪ ರೆಕಾರ್ಡಿಂಗಿಗೆ ಬಂದಿದ್ರಮ್ಮಾ. ದೊಡ್ಡ ವಿದ್ವಾಂಸರು. ಬಟ್ಟಲೆಲ್ಲ ಜೋಡಿಸಿ ನುಡಿಸಿದ್ರು, ನಿಜ. ಆದ್ರೆ ಮೈಕಲ್ಲಿ ತೆಳ್ಳಗೆ ಬಂತು. ಡೈರೆಕ್ಟರು ನನಗೆ ಅದನ್ನೇ ಕೀಬೋರ್ಡಲ್ಲಿ ನುಡಿಸು ಅಂದ್ರು. ಇಪ್ಪತ್ತೆರಡನೇ ನಂಬರಿನ ಜಾಗದಲ್ಲಿ ನಾನೇ ಕೂತು ತಯಾರು ಮಾಡಿದ ನಾದ. ಆಮೇಲೆ ಹಾಡಿಂದ ಬಟ್ಟಲಿನ ಸದ್ದು ತೆಗೆದ್ವಿ ಅಂತ ಹೇಳಿದ್ರು. ಇಲ್ಲಿರೋದು ಪೂರ್ತಿ ನಂದೇ."

ಶೈಲಜಾ ಲೋಟ ಕೆಳಗಿಟ್ಟಳು. ಅವಳ ಮುಖದಿಂದ ನಗು ಹೋಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

"ನಮ್ಮಪ್ಪ ಇದ್ದಾಗ ಯಾಕ್ ಹೇಳಲಿಲ್ಲ ನೀವು?"

"ಯಾರೂ ಕೇಳಲಿಲ್ಲ."

"ಈಗ ನಾನ್ ಕೇಳಿದ್ನಾ?" ಎಂದು ಎದ್ದಳು. "ಉತ್ತರ ಕೊಡೋಕೆ ಅವರಿಲ್ಲ ಅಂತ ಗೊತ್ತಿದ್ದೇ ಹೇಳ್ತಿದೀರಲ್ವಾ?" ಹೊರಗೆ ಜಡಿಮಳೆ. ಕೊಡೆ ನಮ್ಮ ಮನೆಯಲ್ಲೇ ಬಿಟ್ಟು ಹೋದಳು.

ಆ ದಿನ ನಾನು ಮಾಮನ ಮೇಲೆ ಎಂದೂ ಕೂಗಾಡದಷ್ಟು ಕೂಗಾಡಿದೆ. ರಾಮಶೇಷಯ್ಯನವರು ಬದುಕಿಡೀ ಫೈಲು ಹೊತ್ತುಕೊಂಡು, ಬೆಳಗಿನ ಜಾವ ಎದ್ದು ಸಾಧನೆ ಮಾಡಿದವರು. ರಸ್ತೆಯಲ್ಲಿ ಜನ ಗುರುತು ಹಿಡಿದು ನಮಸ್ಕಾರ ಮಾಡುತ್ತಿದ್ದದ್ದು ಆ ಅರ್ಧ ನಿಮಿಷಕ್ಕೆ. ಅವರ ಮಗಳ ಎದುರು ಅದನ್ನು ಕಿತ್ತುಕೊಂಡು ನಿಮಗೇನು ಸಿಕ್ಕಿತು ಎಂದು ಕೇಳಿದೆ.

ಮಾಮ ಕಿಟಕಿಯ ಕಡೆ ತಿರುಗಿ ಕೂತಿದ್ದರು. "ಕ್ಯಾಸೆಟ್ ಕವರಿನ ಹಿಂದೆ ಸಣ್ಣ ಅಕ್ಷರ ಇರ್ತಿತ್ತು ನೋಡು, ವಾದ್ಯ ಸಹಕಾರ ಅಂತ. ತಬಲಾ ಇಂಥವರು, ವಯಲಿನ್ ಇಂಥವರು, ಮತ್ತು ಇತರರು. ಎಷ್ಟು ಕ್ಯಾಸೆಟ್ಟಲ್ಲಿ ನುಡಿಸಿದೀನೋ ಲೆಕ್ಕ ಇಲ್ಲ. ಎಲ್ಲದರಲ್ಲೂ ನಾನು 'ಮತ್ತು ಇತರರು' ಕಣೆ."

ಪಾಪ ಅನಿಸಿತು. ಆದರೆ ಸಿಟ್ಟೂ ಇಳಿಯಲಿಲ್ಲ.

ಸೋಮವಾರ ಶೈಲಜಾ ಸ್ಟಾಫ್‌ ರೂಮಿನಲ್ಲಿ ವಿಜ್ಞಾನದ ಟೀಚರ ಪಕ್ಕಕ್ಕೆ ಹೋಗಿ ಕೂತಳು. ಮಧ್ಯಾಹ್ನ ಒಂದು ಮೆಸೇಜು ಬಂತು: "ನಿರೂಪಣೆಗೆ ಬೇರೆಯವರನ್ನ ನೋಡ್ಕೊಂಡಿದೀನಿ. ಬೇಜಾರು ಮಾಡ್ಕೋಬೇಡ." ಹತ್ತು ಹೆಜ್ಜೆ ದೂರದಲ್ಲಿ ಕೂತು ಕಳಿಸಿದ ಮೆಸೇಜು. ಊಟದ ಡಬ್ಬಿ ತೆರೆದೆ, ಮುಚ್ಚಿದೆ. ಇಪ್ಪತ್ತೆರಡು ವರ್ಷ ನಾವಿಬ್ಬರೂ ಒಂದೇ ಡಬ್ಬಿಯ ಪಲ್ಯ ತಿಂದವರು.

ಮನೆಗೆ ಬಂದರೆ ಮಾಮ ತಮ್ಮ ಹಟದಲ್ಲಿದ್ದರು. ಸುಳ್ಳು ಹೇಳುವವನು ಅನಿಸಿಕೊಂಡು ಸಾಯಲಾರೆ, ವಾದ್ಯ ಹಾಕಿ ತೋರಿಸುತ್ತೇನೆ ಎಂದರು. ಬೆಡ್‌ಶೀಟು ಬಿಚ್ಚಿ, ಕರೆಂಟು ಕೊಟ್ಟು, ಇಪ್ಪತ್ತೆರಡನೇ ಗುಂಡಿ ಒತ್ತಿದರು. ಒಳಗಿಂದ ಡಬ್ಬದೊಳಗೆ ಬೆಕ್ಕು ಕೂಗಿದಂಥ ಸದ್ದು ಬಂತು. ಬೇರೆ ಗುಂಡಿ ಒತ್ತಿದರು. ಅದೇ ಬೆಕ್ಕು.

ಮಾಮನ ಮುಖ ನೋಡಲಾಗಲಿಲ್ಲ. "ಎಲ್ಲಾ ಹೋಯ್ತಲ್ಲೇ" ಎಂದರು.

ಹೀಗೆ ನಾನು, ಅವರ ಮಾತು ಸುಳ್ಳಾಗಲಿ ಎಂದು ಹಾರೈಸುತ್ತಿದ್ದವಳು, ರಜೆ ಹಾಕಿ ಆ ಭಾರದ ವಸ್ತುವನ್ನು ಬಳೇಪೇಟೆಗೆ ಹೊತ್ತುಕೊಂಡು ಹೋಗಬೇಕಾಯಿತು. ಆಟೋ ಗಲ್ಲಿಯೊಳಗೆ ಬರುವುದಿಲ್ಲ ಎಂದಿತು. ಕೆಸರು, ಕೈಗಾಡಿ, ಬಳೆ ಡಬ್ಬಿಗಳ ಕಟ್ಟು ಹೊತ್ತವರ ನಡುವೆ ಮಾಮ ಮುಂದೆ ಹಿಡಿದರು, ನಾನು ಹಿಂದೆ. ಹಾರ್ಮೋನಿಯಂ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ಖಲೀಲ್ ಸಾಹೇಬರ ರಿಪೇರಿ ಕೋಣೆ. ಮಾಮನ ಕಾಲದಿಂದಲೂ ಸ್ಟುಡಿಯೊಗಳ ಆಂಪ್ಲಿಫಯರು, ಕೀಬೋರ್ಡು ಸರಿಮಾಡಿದವರು. ಅವರು ತಿರುಪು ಬಿಚ್ಚಿ ಒಳಗೆ ಟಾರ್ಚು ಬಿಟ್ಟು ನೋಡಿ ನಕ್ಕರು.

"ಏನೂ ಆಗಿಲ್ಲ ನಾಗೇಶ್ ಸಾರ್. ಒಳಗಿನ ಬ್ಯಾಟರಿ ಸತ್ತೋಗಿದೆ. ಅದು ಸತ್ತರೆ ಇದಕ್ಕೆ ಮರೆವು. ಇಷ್ಟು ವರ್ಷ ಬಾಳಿದ್ದೇ ಜಾಸ್ತಿ."

ಬಟನ್‌ನಷ್ಟು ದೊಡ್ಡ ಬ್ಯಾಟರಿ. ಅದನ್ನು ತೆಗೆದು ಹೊಸದನ್ನು ಬೆಸೆದರು. ರಾಳದ ಹೊಗೆ ಆ ಸಣ್ಣ ಕೋಣೆಯಲ್ಲಿ ತುಂಬಿಕೊಂಡಿತು. ಕಂಪನಿಯ ಮೂವತ್ತೆರಡು ನಾದಗಳನ್ನು ವಾದ್ಯಕ್ಕೆ ಸಿಕ್ಕಿಸುವ ಒಂದು ಕಾರ್ಟ್ರಿಜ್ಜಿನಿಂದ ಮತ್ತೆ ಒಳಗೆ ತುಂಬಿಕೊಟ್ಟರು. "ಆದ್ರೆ ನೀವೇ ಮಾಡಿಟ್ಟಿದ್ದು ಇದ್ರೆ ಅದು ಹೋಯ್ತು ಸಾರ್. ಅದನ್ನ ನೀವೇ ಮತ್ತೆ ಮಾಡ್ಬೇಕು" ಎಂದರು. ಮಾಮನ ಜಲತರಂಗ ಅವರೇ ಮಾಡಿಟ್ಟದ್ದು.

ಅದರ ಲೆಕ್ಕ ಒಂದು ನೋಟುಬುಕ್ಕಿನಲ್ಲಿತ್ತು. ನೋಟುಬುಕ್ಕು ವೈಯಾಲಿಕಾವಲ್‌ನ ಸೋರುವ ಮನೆಯಲ್ಲಿ, ಟಾರ್ಪಾಲು ಹೊದಿಸಿದ ಬೀರುವಿನಲ್ಲಿತ್ತು. ಮತ್ತೊಂದು ದಿನ ರಜೆ. ಸಿಕ್ಕಿದ ಪುಸ್ತಕದ ಅಂಚು ನೆನೆದು ಉಬ್ಬಿತ್ತು, ಆದರೆ ಪೆನ್ಸಿಲಿನ ಅಂಕಿಗಳು ಉಳಿದಿದ್ದವು. ಒಂದೇ ಒಂದು ನಾದಕ್ಕೆ ನೂರೈವತ್ತರ ಹತ್ತಿರ ಅಂಕಿಗಳು. ಇದೆಷ್ಟು ಬೇಗ ಏಳಬೇಕು, ಅದೆಷ್ಟು ನಿಧಾನ ಆರಬೇಕು, ಯಾವ ಅಲೆ ಯಾವ ಅಲೆಯನ್ನು ಕದಡಬೇಕು ಎಂದೆಲ್ಲ. ಎರಡು ಸಂಜೆ ನಾನು ಓದಿದೆ, ಮಾಮ ಒತ್ತಿದರು. ಕನ್ನಡಕದೊಳಗಿಂದ ಆ ಸಣ್ಣ ಪರದೆ ಕಾಣದೆ ಅವರು ತಪ್ಪು ಒತ್ತುವುದು, "ನೀನೇ ತಪ್ಪು ಓದಿದೆ" ಎಂದು ನನ್ನನ್ನು ಬೈಯುವುದು, ನಾನು ಪುಸ್ತಕ ಮುಚ್ಚಿ ಏಳುವುದು, ಮತ್ತೆ ಕೂರುವುದು. ಅದರ ನಡುವೆಯೂ, ಮೂವತ್ತು ವರ್ಷ ಅಂಕಿಗಳನ್ನೇ ಪಾಠ ಮಾಡಿದ ನನಗೆ, ಒಂದು ಅಂಕಿ ಬದಲಾದರೆ ಮರದ ಸದ್ದು ಪಿಂಗಾಣಿಯ ಸದ್ದಾಗುವುದನ್ನು ಕೇಳಿ ಮೈ ಜುಮ್ಮೆಂದಿತು. ಅದನ್ನು ಮಾಮನಿಗೆ ತೋರಿಸಿಕೊಳ್ಳಲಿಲ್ಲ.

ಎರಡನೇ ಸಂಜೆ ಕೊನೆಯ ಅಂಕಿ ಹಾಕಿದ ಮೇಲೆ ಮಾಮ ಕೈ ಒರೆಸಿಕೊಂಡು, ಎರಡೂ ಕೈಯಿಂದ, ಮೇಲಿನ ಸ್ಥಾಯಿ ಕೆಳಗಿನ ಸ್ಥಾಯಿ ಸೇರಿಸಿ, ಆ ಅರ್ಧ ನಿಮಿಷ ನುಡಿಸಿದರು. ಅದೇ. ದಿನಾ ಬೆಳಗ್ಗೆ ನಾವೆಲ್ಲ ಕೇಳಿ ಬೆಳೆದದ್ದು ಅದೇ.

"ಈಗೇನಂತೀಯ?" ಎಂದರು ಮಾಮ. ಮತ್ತೆ ನುಡಿಸಿದರು. ಮತ್ತೆ. ನಾಲ್ಕನೇ ಸಲಕ್ಕೆ ನನಗೆ ರೋಸಿಹೋಗಿ, ಅವರ ಕೈ ನಿಲ್ಲಿಸಲೆಂದೇ ಫೋನಿನಲ್ಲಿ ಕ್ಯಾಸೆಟ್ಟಿನ ಮೂಲ ತುಣುಕನ್ನು ಜೋರಾಗಿ ಹಾಕಿದೆ.

ಮಾಮ ನಗುತ್ತ ಕೇಳುತ್ತಿದ್ದವರು ನಡುವೆ ನಗು ನಿಲ್ಲಿಸಿದರು.

"ಇನ್ನೊಂದ್ಸಲ ಹಾಕು."

ಹಾಕಿದೆ.

"ಆ ಮೂರನೇ ಸಾಲಿನ ಕೊನೆ. ಅಷ್ಟೇ ಹಾಕು."

ನನಗೆ ಮೊದಲು ಏನೂ ಗೊತ್ತಾಗಲಿಲ್ಲ. ಐದನೇ ಸಲಕ್ಕೆ ಕೇಳಿಸಿತು. ಕೊನೆಯ ಸ್ವರ ನೆಟ್ಟಗೆ ಆರಿಹೋಗದೆ, ಒಂದಿಷ್ಟು ತೂಗಿ, ಕೆಳಗಿಳಿದು ಮೇಲೆ ಬರುತ್ತಿತ್ತು. ಕಣ್ಣು ಮಿಟುಕಿಸುವಷ್ಟು ಹೊತ್ತು.

ಮಾಮ ಅದೇ ಸ್ವರ ಒತ್ತಿದರು. ಅದು ನೆಟ್ಟಗೆ ನಿಂತು ನೆಟ್ಟಗೆ ಸತ್ತಿತು. ಕೀಬೋರ್ಡಿನ ಎಡಗಡೆಯ ಪುಟ್ಟ ಚಕ್ರವನ್ನು ತಿರುಗಿಸಿದರೆ ಸ್ವರ ತೂಗುತ್ತದೆ, ಆದರೆ ಅದಕ್ಕೆ ಎಡಗೈ ಬಿಡುವಾಗಿರಬೇಕು. "ನಾನು ಎರಡೂ ಕೈಯಲ್ಲಿ ನುಡಿಸಿದ್ದೆ" ಎಂದರು, ನನಗಲ್ಲ, ಕೀಬೋರ್ಡಿಗೆ ಹೇಳುವವರ ಹಾಗೆ. "ಚಕ್ರ ಮುಟ್ಟೋಕೆ ಮೂರನೇ ಕೈ ಇರ್ಲಿಲ್ಲ."

ರೆಕಾರ್ಡಿಂಗಿನ ದಿನ ತಮ್ಮ ಭಾಗ ಮುಗಿದ ತಕ್ಷಣ ಮಾಮ ಇನ್ನೊಂದು ಸ್ಟುಡಿಯೊಗೆ ಓಡಿದ್ದರಂತೆ. ಎಲ್ಲವನ್ನೂ ಬೆರೆಸಿ ಹಾಡು ಮುಗಿಸುವಾಗ ಅವರು ಇರಲಿಲ್ಲ. ಬಟ್ಟಲು ತೆಗೆದೆವು ಎಂಬುದು ಮರುವಾರ ಯಾರೋ ಹೇಳಿದ ಮಾತು. ಸ್ಟುಡಿಯೊದವರು ಬಟ್ಟಲಿನ ಸದ್ದು ತೆಗೆದಿರಲಿಲ್ಲ. ಮಾಮನ ನಾದದ ಅಡಿಯಲ್ಲಿ, ತೆಳ್ಳಗೆ, ರಾಮಶೇಷಯ್ಯನವರು ನಲವತ್ತು ವರ್ಷದಿಂದ ನುಡಿಸುತ್ತಲೇ ಇದ್ದರು.

"ಇಷ್ಟು ವರ್ಷ ನಿಮಗೆ ಕೇಳಿಸಲಿಲ್ವಾ ಮಾಮ? ಊರಿನ ಕಿವಿಯೆಲ್ಲ ಪರೀಕ್ಷೆ ಮಾಡ್ತೀರಲ್ಲ?"

"ಕ್ಯಾಸೆಟ್ಟಲ್ಲಿ ಕೇಳಿಸ್ತಿರ್ಲಿಲ್ಲ" ಎಂದು ರೇಗಿದರು. "ಟೇಪು ಸವೆದಿತ್ತು."

ನೋಡಿ, ಆಗಲೂ ತಪ್ಪು ಟೇಪಿನದು. ನಾನು ಎದ್ದು ಅಡುಗೆಮನೆಗೆ ಹೋದೆ. ಸಾರಿಗೆ ಒಗ್ಗರಣೆ ಹಾಕುವಾಗ ಬಾಗಿಲಲ್ಲಿ ಬಂದು ನಿಂತರು. "ನನ್ನದು ಎಲ್ಲಿದೆ ಅಂತಲೇ ಕೇಳ್ತಿದ್ದೆ ಅನ್ಸತ್ತೆ" ಎಂದರು. ಅಷ್ಟು ಹೇಳಿ, ನಾನು ತಿರುಗಿ ನೋಡುವಷ್ಟರಲ್ಲಿ ಹೋಗಿಬಿಟ್ಟಿದ್ದರು.

ಶೈಲಜಾಗೆ ಫೋನ್ ಮಾಡಿ ಹೇಳಿದರೆ ಮುಗಿಯುತ್ತಿತ್ತು. ಮಾಮ ಒಪ್ಪಲಿಲ್ಲ. ತಾವೇ ಹೋಗಬೇಕು, ವಾದ್ಯವೂ ಬರಬೇಕು. ಮರುದಿನ ಸಂಜೆ ಮಳೆಯಲ್ಲಿ ಅದಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಆಟೋದ ಎರಡೂ ಕಡೆಯಿಂದ ಅದರ ಮೂತಿ ಹೊರಗೆ ಚಾಚಿಕೊಂಡು, ನಾವಿಬ್ಬರೂ ಅದರ ಕೆಳಗೆ ಹುದುಗಿ ವಿಶ್ವೇಶ್ವರಪುರಂನ ಶೈಲಜಾಳ ಮನೆಗೆ ಹೋದೆವು. ಅವಳು ಬಾಗಿಲು ಅರ್ಧ ತೆರೆದಳು. ಒಳಗೆ ಬನ್ನಿ ಎನ್ನಲಿಲ್ಲ.

"ಒಂದ್ ನಿಮಿಷ ಕೇಳಮ್ಮಾ" ಎಂದರು ಮಾಮ, ನೆನೆದ ಪಂಚೆಯಲ್ಲಿ ನಡುಗುತ್ತ. "ಒಂದ್ ನಿಮಿಷ ಅಲ್ಲ, ಒಂದೇ ಸೆಕೆಂಡು. ನಾನ್ ಹೇಳಿದ್ದರಲ್ಲಿ ತಪ್ಪಿದೆ."

ತಪ್ಪಿದೆ ಎಂಬ ಪದವನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಶೈಲಜಾ ನನ್ನ ಮುಖ ನೋಡಿದಳು. ನಾನು ಫೋನು ಎತ್ತಿ ಹಿಡಿದೆ. ಹೊಸ್ತಿಲಿನ ಆಚೆ ಅವಳು, ಈಚೆ ನಾವು. ಆ ಒಂದು ಸೆಕೆಂಡನ್ನು ಹನ್ನೆರಡು ಸಲ ಹಾಕಿರಬೇಕು. ಮಾಮ ಎರಡು ಕೈಯ ಲೆಕ್ಕ, ಚಕ್ರದ ಲೆಕ್ಕ ಎಲ್ಲ ಹೇಳಿದರು. ಅವಳು ಬಾಗಿಲು ಹಾಗೇ ಬಿಟ್ಟು ಒಳಗೆ ಹೋದಳು.

ಮತ್ತೆ ಕಾಣಿಸಿದಾಗ ಅವಳ ಕೈಯಲ್ಲಿ ನೀಲಿ ಹೂವಿನ ಒಂದು ಪಿಂಗಾಣಿ ಬಟ್ಟಲು, ಒಂದು ಬಿದಿರು ಕಡ್ಡಿ, ಒಂದು ಚೊಂಬು ನೀರು ಇದ್ದವು. ಹಾಲಿನ ನೆಲದ ಮೇಲೆ ಕೂತಳು. ನಾವೂ ಹೇಳಿಸಿಕೊಳ್ಳದೆ ಒಳಗೆ ಹೋಗಿ ಕೂತೆವು. ಬಟ್ಟಲಿಗೆ ನೀರು ಹಾಕಿ, ತಟ್ಟಿ ನೋಡಿ, ಇನ್ನೊಂದಿಷ್ಟು ಹಾಕಿದಳು. ಆಮೇಲೆ ಅಂಚಿಗೆ ಒಮ್ಮೆ ತಟ್ಟಿ, ಸ್ವರ ಇನ್ನೂ ಗಾಳಿಯಲ್ಲಿರುವಾಗಲೇ ಕಡ್ಡಿಯ ತುದಿಯನ್ನು ನೀರಿಗೆ ಹಗುರವಾಗಿ ಮುಟ್ಟಿಸಿದಳು. ಸ್ವರ ತೂಗಿತು. ಕೆಳಗಿಳಿದು ಮೇಲೆ ಬಂತು.

"ಅಪ್ಪ ಇದನ್ನ ನೀರಿಗೆ ಕಚಗುಳಿ ಇಡೋದು ಅಂತಿದ್ರು" ಎಂದಳು. "ನನಗೆ ಕಲಿಸಿದ್ದು ಇದೊಂದೇ. ಸರಿಯಾಗಿ ಕಲೀಲಿಲ್ಲ ನಾನು."

ಅಲ್ಲಿಗೆ ಬಿಡಬಹುದಿತ್ತು. ಯಾರೇ ಆದರೂ ಬಿಡುತ್ತಿದ್ದರು. ಮಾಮ ಗಂಟಲು ಸರಿಮಾಡಿಕೊಂಡು, "ಅಂದ್ರೆ ಲೆಕ್ಕಕ್ಕೆ ಅರ್ಧ ಅವರದು, ಅರ್ಧ ನಂದು ಅಂತಾಯ್ತು" ಎಂದರು.

"ಅರ್ಧ ಹೇಗಾಗತ್ತೆ ಸಾರ್? ನುಡಿಸಿದ ಸಂಗತಿ, ಆ ಸ್ವರ ಜೋಡಣೆ, ಯಾರದು? ನೀವ್ ಅವರದನ್ನ ನೋಡ್ಕೊಂಡು ನುಡಿಸಿದ್ದಲ್ವಾ?"

"ಸಂಗತಿ ಅವರದು. ನಾದ ನಂದು. ಜನಕ್ಕೆ ಕೇಳಿಸೋದು ನಾದ."

"ಮುಕ್ಕಾಲು ಅಪ್ಪಂದು!"

"ಹಾಗಂದ್ರೆ ಹೇಗಮ್ಮಾ? ನೂರೈವತ್ತು ಅಂಕಿ ಹಾಕಿದೀನಿ ಅದಕ್ಕೆ!"

ಒದ್ದೆ ಸೀರೆಯಲ್ಲಿ ಕೂತು ನಾನು ಆ ಚೌಕಾಸಿಯನ್ನು ಮುಕ್ಕಾಲು ಗಂಟೆ ಕೇಳಿದೆ. ಯಾರೂ ಗೆಲ್ಲಲಿಲ್ಲ. ಕೊನೆಗೆ ಶೈಲಜಾ ಟವೆಲು ತಂದು ಮಾಮನ ಕೈಗೆ ಕೊಟ್ಟು, "ತಲೆ ಒರೆಸ್ಕೊಳಿ, ನೆಗಡಿಯಾಗತ್ತೆ" ಎಂದಳು. ನನ್ನ ಕಡೆ ತಿರುಗಿ, "ಕಾಫಿ ಮಾಡ್ಬಾ, ನಂಗಾಗಲ್ಲ ಇವ್ರ ಜೊತೆ" ಎಂದಳು. ಅವಳ ಅಡುಗೆಮನೆಯಲ್ಲಿ ಪುಡಿ ಎಲ್ಲಿರುತ್ತದೆ, ಸಕ್ಕರೆ ಎಲ್ಲಿರುತ್ತದೆ ಎಂದು ನನಗೆ ಗೊತ್ತು. ಹಾಲು ಕಾಯಿಸುತ್ತ ನಿಂತಾಗ ಮಾಮ ಬಂದ ಮೇಲೆ ಮೊದಲ ಸಲ ನನ್ನ ಹೆಗಲು ಸಡಿಲವಾಯಿತು. ಹೊರಡುವಾಗ ನಿರೂಪಣೆ ನೀನೇ ಮಾಡಬೇಕು ಎಂದಳು. ಮಾಮನಿಗೆ, "ನೀವೂ ಬನ್ನಿ. ಆದ್ರೆ ಬಾಯಿ ಮುಚ್ಕೊಂಡು ಕೂತಿರ್ಬೇಕು" ಎಂದಳು. ಅವರು ತಲೆಯಾಡಿಸಿದರು. ಆ ತಲೆಯಾಟವನ್ನು ನಾನು ನಂಬಲಿಲ್ಲ.

ಕಾರ್ಯಕ್ರಮ ನಡೆದದ್ದು ಸೆಪ್ಟೆಂಬರಿನ ಕೊನೆಯ ಭಾನುವಾರ, ಬಸವನಗುಡಿಯ ಒಂದು ಸಣ್ಣ ಹಾಲಿನಲ್ಲಿ. ಸುಮಾರು ನೂರು ಜನ ಇದ್ದರು. ರಾಮಶೇಷಯ್ಯನವರ ಬಟ್ಟಲುಗಳನ್ನು ವೇದಿಕೆಯ ಮೇಲೆ ಅರ್ಧಚಂದ್ರಾಕಾರದಲ್ಲಿ ಜೋಡಿಸಿ ನೀರು ತುಂಬಿಟ್ಟಿದ್ದರು. ಮಾಮ ಇಸ್ತ್ರಿ ಮಾಡಿದ ಬಿಳಿ ಶರಟು ಹಾಕಿಕೊಂಡು ಕೊನೆಯ ಸಾಲಿನಲ್ಲಿ ಕೂತಿದ್ದರು. ಶೈಲಜಾ ನನ್ನ ಕೈಗೆ ಒಂದು ಚೀಟಿ ಕೊಟ್ಟು, ಮೊದಲ ತುಣುಕು ಹಾಕುವ ಮುಂಚೆ ಇದನ್ನು ಓದು ಎಂದಳು. ಓದಿದೆ.

"ನೀವು ಈಗ ಕೇಳುವ ಆರಂಭದ ಸಂಗೀತ. ಜಲತರಂಗ: ವಿದ್ವಾನ್ ರಾಮಶೇಷಯ್ಯ. ಜಲತರಂಗದ ಜೊತೆ ಕೀಬೋರ್ಡ್: ಎಚ್. ಎನ್. ನಾಗೇಶ್."

ಸಭೆ ಚಪ್ಪಾಳೆ ತಟ್ಟಲು ಕೈ ಎತ್ತಿತ್ತು. ಕೊನೆಯ ಸಾಲಿನಲ್ಲಿ ಕುರ್ಚಿ ಕಿರ್ರೆಂದಿತು.

"ಎಚ್. ಎನ್. ಅಲ್ಲ! ಎಚ್. ಎಸ್.! ಎಚ್. ಎಸ್. ನಾಗೇಶ!"

ನೂರು ಜನ ಹಿಂತಿರುಗಿ ನೋಡಿದರು. ವೇದಿಕೆಯ ಅಂಚಿನಲ್ಲಿ ಶೈಲಜಾ ಹಣೆಗೆ ಕೈಯಿಟ್ಟುಕೊಂಡಳು. ನೆಲ ಬಾಯಿಬಿಟ್ಟರೆ ಒಳಗಿಳಿದುಬಿಡುವ ಹಾಗಿತ್ತು ನನಗೆ. ಮಾಮ ಎದ್ದೇ ನಿಂತಿದ್ದರು, ತಿದ್ದುವ ತನಕ ಕೂರುವ ಲಕ್ಷಣ ಕಾಣಲಿಲ್ಲ. ಮೈಕನ್ನು ಬಾಯಿಯ ಹತ್ತಿರ ಎಳೆದುಕೊಂಡೆ. ಅಷ್ಟು ವರ್ಷ ಯಾವ ಕವರಿನ ಮೇಲೂ ಬಾರದ ಆ ಹೆಸರನ್ನು, ಹಲ್ಲು ಕಚ್ಚಿಕೊಂಡು, ಒಂದೊಂದು ಅಕ್ಷರವನ್ನೂ ಬಿಡಿಸಿ, ಎರಡನೇ ಸಲ ಓದಿದೆ.